ನನ್ನ ಅನುಭವ: ಇಬ್ರಿಯರ ಆರನೆಯ ಅಧ್ಯಾಯವನ್ನು ತಪ್ಪಾಗಿ ಓದಿದ್ದು

ಬೆಟಗೇರಿಯ ನಮ್ಮ ಸಭೆಯಲ್ಲಿ ಮನೆಕೂಟಗಳನ್ನು ನಡೆಸುವ ಜವಾಬ್ದಾರಿ ನನ್ನ ಮೇಲಿದ್ದಾಗ, ಕುಡಿತಕ್ಕೆ ಬಿದ್ದು ಆರಾಧನೆಗೆ ಬರುವುದನ್ನೇ ಬಿಟ್ಟಿದ್ದ ಒಬ್ಬ ನೇಕಾರನ ತಾಯಿ, ಕೂಟ ಮುಗಿದ ಮೇಲೂ ಚಾಪೆಯಿಂದ ಏಳದೆ, "ಅಣ್ಣಾರ, ಅಂವಗ ದೃಢೀಕರಣ ಆಗೇತ್ರಿ, ಪವಿತ್ರ ಭೋಜನಕ್ಕೂ ಬರ್ತಿದ್ದ. ಈಗ ಅವನ ರಕ್ಷಣಾ ಹೋತೇನ್ರಿ?" ಎಂದು ಕೇಳಿದರು. ದೃಢೀಕರಣವೆಂದರೆ ತನ್ನ ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವುದು; ರಕ್ಷಣೆಯೆಂದರೆ ದೇವರು ಕೊಡುವ ಪಾಪದ ಬಿಡುಗಡೆ. ನಾನು ಹಿಂದುಮುಂದು ನೋಡದೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆಯ 6:4-6ನ್ನು ಓದಿಬಿಟ್ಟೆ. ಒಮ್ಮೆ ಬೆಳಕು ಹೊಂದಿ ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆಂಬ ಮಾತು ಕೇಳಿದ ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋದರು.

ಮರುದಿನ ಪತ್ರಿಕೆಯ ಹದಿಮೂರೂ ಅಧ್ಯಾಯಗಳನ್ನು ಒಂದೇ ಸಲಕ್ಕೆ ಓದಿದೆ. ನಾನು ನಿಲ್ಲಿಸಿದ್ದ ಕಡೆಯಲ್ಲೇ ತಪ್ಪಿತ್ತು. 7 ಮತ್ತು 8ನೆಯ ವಚನಗಳಲ್ಲಿ ಮಳೆಯನ್ನು ಕುಡಿದು ಪೈರು ಕೊಡುವ ಭೂಮಿಯೂ ಮುಳ್ಳು ಬೆಳೆಯುವ ಭೂಮಿಯೂ ಬರುತ್ತವೆ. ಎರೆಹೊಲದ ನಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ಬಿದ್ದುಹೋದವರನ್ನು 'ಅವರು' ಎಂದು ದೂರವಿಟ್ಟು ಬರೆದವನು 9ನೆಯ ವಚನದಲ್ಲಿ 'ಪ್ರಿಯರೇ' ಎಂದು ಕೇಳುಗರ ಕಡೆ ತಿರುಗಿ, ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾನೆ. ಇದು ಎದುರಿಗೆ ಕುಳಿತವರನ್ನು ಎಚ್ಚರಿಸುವ ಮಾತು. ನಾನು ಅದನ್ನು ಅಲ್ಲಿಲ್ಲದವನ ಮೇಲೆ ತೀರ್ಪಾಗಿ ಓದಿದ್ದೆ.

ನನ್ನ ಗೊಂದಲಕ್ಕೆ ನಮ್ಮ ಸಭೆಗಳ ಮೂಲದಲ್ಲಿಯೂ ಕಾರಣವಿದೆ. 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಲ್ಲಿ ಲುಥರನ್ (ಲೂಥರ್‌ನ) ಮತ್ತು ರಿಫಾರ್ಮ್ಡ್ (ಕ್ಯಾಲ್ವಿನ್‌ನ) ಎಂಬ ಪ್ರೊಟೆಸ್ಟೆಂಟ್ ಪರಂಪರೆಗಳೆರಡೂ ಕೂಡಿದ್ದವು, ರಕ್ಷಣೆ ಹೊಂದಿದವನು ಅದನ್ನು ಕಳೆದುಕೊಳ್ಳಬಹುದೇ ಎಂಬ ಪ್ರಶ್ನೆಯಲ್ಲಿ ಅವೆರಡೂ ಒಂದಲ್ಲ. ಲುಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವು, ಒಮ್ಮೆ ದೇವರಿಂದ ನೀತಿವಂತರೆಂದು ನಿರ್ಣಯಿಸಲ್ಪಟ್ಟವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರು ಎಂಬ ವಾದವನ್ನು ಖಂಡಿಸಿತು. ರಿಫಾರ್ಮ್ಡ್ ಪರಂಪರೆಯವರು ಹಾಲೆಂಡಿನಲ್ಲಿ ನಡೆಸಿದ 1618-19ರ ಡಾರ್ಟ್ ಸಭೆಯು, ದೇವರು ಆರಿಸಿಕೊಂಡವರು ಘೋರವಾಗಿ ಬಿದ್ದರೂ ಆತನು ಅವರನ್ನು ಕೊನೆಯವರೆಗೆ ಕಾಯುತ್ತಾನೆಂದು ಹೇಳಿತು. ಯೋಹಾನ 10:28ರಲ್ಲಿ ತನ್ನ ಕೈಯಿಂದ ಕುರಿಗಳನ್ನು ಯಾರೂ ಕಸಿದುಕೊಳ್ಳಲಾರರೆಂದು ಯೇಸು ಹೇಳಿರುವುದರಿಂದ ನಾನು ಡಾರ್ಟ್‌ನ ಕಡೆಗೆ ವಾಲುತ್ತೇನೆ. ಆದರೆ ಎಚ್ಚರಿಕೆಯ ವಚನಗಳು ಪೊಳ್ಳಲ್ಲ. ಆ ಕೈ ಹಿಡಿಯುವುದೇ ಅವುಗಳ ಮೂಲಕ ಎಂದು ತಿಳಿದಿದ್ದೇನೆ. ಒಮ್ಮೆ ರಕ್ಷಣೆಯಾದರೆ ಮುಗಿಯಿತೆಂದು ನೆಮ್ಮದಿಯಾಗಿ ನಿದ್ದೆ ಹೋಗುವವರಿಗೆ ಮಾತ್ರ ನಾನು ಈಗಲೂ ಮೊದಲು ಆರನೆಯ ಅಧ್ಯಾಯವನ್ನೇ ತೆರೆಯುತ್ತೇನೆ.

ಮುಂದಿನ ವಾರ ಆ ತಾಯಿಯ ಮನೆಗೆ ಹೋಗಿ, ಅರ್ಧಕ್ಕೇ ಓದಿ ನಿಲ್ಲಿಸಿದ್ದು ನನ್ನ ತಪ್ಪೆಂದು ಒಪ್ಪಿಕೊಂಡು, ಉಳಿದ ವಚನಗಳನ್ನು ಓದಿದೆ. ಅವರು ಕಂಡಿಕೆ ಸುತ್ತುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, "ನನಗ ಹೇಳಿದ್ರಿ, ಚಲೋ ಆತು. ಅವಂಗ ಯಾರು ಹೇಳ್ತಾರ್ರಿ?" ಎಂದರು. ಮಗ ಒಳಗೆ ಕುಣಿಮಗ್ಗದಲ್ಲಿ ಕುಳಿತಿದ್ದ. ಲಾಳಿಯ ಸಪ್ಪಳ ನಿಂತಿತ್ತು. ನಾನು ಸತ್ಯವೇದವನ್ನು ಮುಚ್ಚಿ ಚೀಲದಲ್ಲಿಟ್ಟು, ಒಳಗೆ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.