ಸೂಚಕ ಸಿಕ್ಕಿತೆಂದು ಹಿಗ್ಗಿದ ಎರಡು ವಾರ

ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, ಆಗಲೇ ನನಗೆ ಅನುಮಾನ ಬರಬೇಕಿತ್ತು. ಎಂಡೊಮೆಟ್ರಿಯೋಸಿಸ್ ಇರುವ ಮಹಿಳೆಯರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ತುಣುಕಾದ ಮೈಕ್ರೊ ಆರ್‌ಎನ್‌ಎ 451 ಹೆಚ್ಚಾಗಿತ್ತು, ಉಳಿದವರಲ್ಲಿ ಕಡಿಮೆ. ಎರಡೂ ಗುಂಪಿನ ಚುಕ್ಕೆಗಳು ನಕ್ಷೆಯಲ್ಲಿ ಎಣ್ಣೆ ನೀರಿನಂತೆ ಬೇರೆಯಾಗಿ ನಿಂತಿದ್ದವು. ಈ ಕೆಲಸದಲ್ಲಿ ಪಳಗಿದವರಿಗೆ 451 ಎಂಬ ಸಂಖ್ಯೆ ಕೇಳಿದೊಡನೆ ನಗು ಬಂದಿರಬಹುದು. ನನಗೆ ಮಾತ್ರ ಎರಡು ವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ ಬೆಳೆಯುವ ಕಾಯಿಲೆ ಎಂಡೊಮೆಟ್ರಿಯೋಸಿಸ್. ಸಂತಾನವಾಗುವ ವಯಸ್ಸಿನ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತದೆ. ಗರ್ಭ ನಿಲ್ಲದೆ ಚಿಕಿತ್ಸೆಗೆ ಬಂದವರಲ್ಲಿ ಇನ್ನೂ ಹೆಚ್ಚು. ಅಂಡಾಶಯದಲ್ಲಿ ದೊಡ್ಡ ಚೀಲ (ಸಿಸ್ಟ್) ಇದ್ದರೆ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಚಿಕ್ಕ ಕಲೆಗಳು ಕಾಣಬೇಕಾದರೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಲ್ಯಾಪರೊಸ್ಕೋಪಿ ಮಾಡಬೇಕಾಗುತ್ತದೆ. ಹೊಟ್ಟೆಗೆ ರಂಧ್ರ ಮಾಡದೆ ರಕ್ತದಲ್ಲಿಯೇ ಸುಳಿವು ಸಿಗಲಿ ಎಂಬುದು ನಮ್ಮ ಹುಡುಕಾಟದ ಆಸೆ.

ಕಿರಿಯ ಸಹೋದ್ಯೋಗಿಯೊಬ್ಬಳು ಫ್ರೀಜರ್‌ನಿಂದ ಟ್ಯೂಬುಗಳನ್ನು ತೆಗೆದು ಸಾಲಾಗಿ ಇಟ್ಟು, "ಇವು ಯಾಕೆ ಗುಲಾಬಿ ಬಣ್ಣಕ್ಕಿವೆ ಮೇಡಂ?" ಎಂದಳು. ರೋಗಿಗಳ ಟ್ಯೂಬುಗಳಷ್ಟೇ ಹಾಗಿದ್ದವು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ಔಷಧಿ ಕೊಡಲು ಕೈಯ ರಕ್ತನಾಳಕ್ಕೆ ಹಾಕಿದ್ದ ಸಣ್ಣ ಕೊಳವೆಯಿಂದ (ಕ್ಯಾನುಲಾ) ಅವಸರದಲ್ಲಿ ಸಿರಿಂಜಿಗೆ ಎಳೆದ ರಕ್ತ ಅದು. ಕೆಂಪು ಕಣಗಳು ಒಡೆದಿದ್ದವು. ಮೈಕ್ರೊ ಆರ್‌ಎನ್‌ಎ 451 ಕೆಂಪು ಕಣಗಳಲ್ಲಿ ತುಂಬಿ ತುಳುಕುವ ವಸ್ತು. ಹೋಲಿಕೆಯ ಗುಂಪಿನವರ ರಕ್ತವನ್ನು ಹೊರರೋಗಿ ವಿಭಾಗದಲ್ಲಿ ನೇರವಾಗಿ ರಕ್ತನಾಳದಿಂದ ನಿಧಾನವಾಗಿ ತೆಗೆದಿದ್ದರು. ನಾನು ಅಳೆದದ್ದು ಕಾಯಿಲೆಯನ್ನಲ್ಲ, ರಕ್ತ ಎಳೆದ ಬಗೆಯನ್ನು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಹೋಲಿಕೆಗೆ ನಾನು ಆರಿಸಿಕೊಂಡಿದ್ದು ಮಕ್ಕಳಿರುವ, ಆರೋಗ್ಯವಂತ ಮಹಿಳೆಯರನ್ನು. ವೈದ್ಯರ ಮುಂದೆ ಅಂಥವರು ಬಂದು ಕೂರುವುದಿಲ್ಲ. ಅಲ್ಲಿ ಕೂರುವವರೆಲ್ಲರೂ ಗರ್ಭ ನಿಲ್ಲದೆ ಬಂದವರೇ. ಅವರಲ್ಲಿ ಯಾರಿಗೆ ಎಂಡೊಮೆಟ್ರಿಯೋಸಿಸ್ ಇದೆ, ಯಾರಿಗೆ ಇಲ್ಲ ಎಂಬುದೇ ನಿಜವಾದ ಪ್ರಶ್ನೆ.

ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಸಂತಾನದ ತೊಂದರೆಗಾಗಿ ಲ್ಯಾಪರೊಸ್ಕೋಪಿಗೆ ಬಂದವರನ್ನಷ್ಟೇ ಸೇರಿಸಿಕೊಂಡೆ. ಕಲೆ ಕಂಡು, ಅಂಗಾಂಶ ಪರೀಕ್ಷೆಯಲ್ಲಿ ಖಚಿತವಾದವರು ಒಂದು ಗುಂಪು, ಹೊಟ್ಟೆ ಶುದ್ಧವಾಗಿದ್ದವರು ಇನ್ನೊಂದು. ಎಲ್ಲರಿಂದಲೂ ಅರಿವಳಿಕೆಗೆ ಮುಂಚೆ, ಒಂದೇ ಬಗೆಯ ಸೂಜಿಯಿಂದ ರಕ್ತ. ಮಾದರಿಗಳನ್ನು ಒಂದೇ ರೀತಿ ಸಂಗ್ರಹಿಸಲು 2014ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಧಾನವನ್ನು ಕಪಾಟಿನಿಂದ ಇಳಿಸಿ ಕೊನೆಗೂ ಓದಿದೆ. ಕೊನೆಯ ಮುಟ್ಟಿನ ದಿನ ಕೇಳದೆ ಒಂದು ಟ್ಯೂಬನ್ನೂ ಒಳಗೆ ಬಿಡಲಿಲ್ಲ, ಏಕೆಂದರೆ ನಾವು ಅಳೆಯುತ್ತಿದ್ದ ಇನ್ನೊಂದು ಸೂಚಕ, ಸಿಎ-125 ಎಂಬ ರಕ್ತದ ಪ್ರೋಟೀನು, ಮುಟ್ಟಿನ ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಹಾರ್ಮೋನ್ ಮಾತ್ರೆ ನುಂಗುತ್ತಿದ್ದವರನ್ನು ಬಿಟ್ಟೆ. ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳನ್ನು ಬೇರ್ಪಡಿಸಿ, ಚಿಕ್ಕ ಚಿಕ್ಕ ಪಾಲುಗಳಾಗಿ ಮೈನಸ್ 80 ಡಿಗ್ರಿಗೆ. ಯಾವ ಟ್ಯೂಬು ಯಾರದೆಂದು ಅಳೆಯುವವರಿಗೆ ತಿಳಿಯದಂತೆ ಸಂಕೇತ ಹಾಕಿದೆವು.

ನನ್ನ 451 ಆವಿಯಾಯಿತು. ಸಿಎ-125 ಹೆಚ್ಚಿದ್ದದ್ದು ಬಹುಪಾಲು ಕಾಯಿಲೆ ಬಲಿತ ಮೂರು, ನಾಲ್ಕನೆಯ ಹಂತದವರಲ್ಲಿ. ಅವರ ಚೀಲಗಳನ್ನು ಸ್ಕ್ಯಾನ್ ಮೊದಲೇ ತೋರಿಸಿತ್ತು. ಯಾರಿಗಾಗಿ ಈ ಪರೀಕ್ಷೆ ಬೇಕೋ ಆ ಮೊದಲ ಹಂತದವರು ಹೆಚ್ಚು ಎಂದು ಎಣಿಸುವ 35ರ ಗೆರೆಯ ಕೆಳಗೇ ಉಳಿದರು. ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಪ್ರೋಟೀನನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದೇ ಮಾದರಿಗಳಲ್ಲಿ ಸೊಗಸಾಗಿ ಕಂಡಿತು. ಹೊಸ ಮಾದರಿಗಳ ಮೇಲೆ ಹಾಕಿದೊಡನೆ ಕುಸಿಯಿತು.

ಯುರೋಪಿನ ಸಂತಾನ ವೈದ್ಯಕೀಯ ಸಂಘ 2022ರ ಮಾರ್ಗಸೂಚಿಯಲ್ಲಿ, ರೋಗನಿರ್ಣಯಕ್ಕೆ ಇಂಥ ಸೂಚಕಗಳನ್ನು ಬಳಸಬೇಡಿ ಎಂದು ಹೇಳಿದಾಗ ಸಹೋದ್ಯೋಗಿಗಳು ಮುಖ ಸಪ್ಪೆ ಮಾಡಿಕೊಂಡರು. ನನಗೆ ಒಳಗೊಳಗೇ ಸಮಾಧಾನವಾಯಿತು.

ಅಧ್ಯಯನಕ್ಕೆ ರಕ್ತ ಕೊಟ್ಟ ಒಬ್ಬಾಕೆ, "ಇದರಿಂದ ನನಗೆ ಆಪರೇಷನ್ ತಪ್ಪುತ್ತದೆಯೇ?" ಎಂದು ಕೇಳಿದ್ದರು. ಇಲ್ಲ ಎಂದೆ. "ಹಾಗಾದರೆ ಮುಂದೆ ಬರುವವರಿಗಾದರೂ?" ಎಂದರು. ಆ ಟ್ಯೂಬು ಇನ್ನೂ ಫ್ರೀಜರ್‌ನಲ್ಲಿದೆ, ತಿಳಿಹಳದಿ ಬಣ್ಣದ್ದು. ಬಾಗಿಲಿನ ಮೇಲೆ ಹಳದಿಯಿಂದ ಕಡುಗುಲಾಬಿಯವರೆಗಿನ ಬಣ್ಣಪಟ್ಟಿ ಅಂಟಿಸಿದ್ದೇನೆ. ಮೂರನೆಯ ಬಣ್ಣ ದಾಟಿದ್ದನ್ನು ಒಳಗೆ ಇಡುವಂತಿಲ್ಲ.