ಟ್ಯೂಬ್ ಟೆಸ್ಲಾ ಕಾಯಿಲ್ ಕಟ್ಬೇಕಾ? ಮೊದ್ಲು ಸುತ್ರಿ, ಅಳೀರಿ, ಕರೆಂಟ್ ಕೊಡೋದು ಕೊನೇಗೆ

ಟೆಸ್ಲಾ ಕಾಯಿಲ್ ಅಂದ ಕೂಡ್ಲೆ ಎಲ್ರಿಗೂ ನೆನಪಾಗೋದು ಪಟಪಟ ಅಂತ ಸಿಡಿಯೋ ಸ್ಪಾರ್ಕ್ ಗ್ಯಾಪ್ (ಕಿಡಿ ಹಾರೋ ಸಂದು) ಮಾಡೆಲ್ಲು, ನಿಕೋಲಾ ಟೆಸ್ಲಾ 1891ರಲ್ಲಿ ಮಾಡಿದ ಜಾತಿದು. ವ್ಯಾಕ್ಯೂಮ್ ಟ್ಯೂಬ್ ಹಾಕಿ ಕಟ್ಟೋದು ಬೇರೆ ಥರ. ಇದ್ರಲ್ಲಿ ಗ್ಯಾಪೇ ಇಲ್ಲ, ಹಳೇ ರೇಡಿಯೋ ಟ್ರಾನ್ಸ್‌ಮಿಟರ್‌ಗೆ ಹಾಕ್ತಿದ್ದ ದೊಡ್ಡ ವಾಲ್ವು ತಾನೇ ಆಸಿಲೇಟರ್ ಆಗಿ, ಅಂದ್ರೆ ಕರೆಂಟನ್ನ ಬಿಡದೆ ಹಿಂದೆ ಮುಂದೆ ತೂಗ್ತಾ ಕೂತು ಕಾಯಿಲ್ಲಿಗೆ ಶಕ್ತಿ ತುಂಬುತ್ತೆ. ಕಿಡಿ ದಪ್ಪಗೆ, ಪೊರಕೆ ಹರಡಿದಂಗೆ ಬರುತ್ತೆ, ಸದ್ದು ಅಂದ್ರೆ 50 ಹರ್ಟ್ಸಿನ ಗುಂಯ್ ಅನ್ನೋದಷ್ಟೆ. ನೋಡೋಕೆ ಬಲು ಚಂದ. ಆದ್ರೆ ಕಟ್ಟೋರಲ್ಲಿ ಬಹಳ ಜನ ಪವರ್ ಹಿಂದೆ ಬೀಳ್ತಾರೆ, ಇದ್ರ ಜೀವ ಇರೋದು ಸುತ್ತೋದ್ರಲ್ಲಿ ಮತ್ತೆ ಟ್ಯೂನಿಂಗಲ್ಲಿ, ಅಂದ್ರೆ ಪ್ರೈಮರಿ ಸೆಕೆಂಡರಿ ಅನ್ನೋ ಎರಡು ಕಾಯಿಲ್ಲೂ ಹತ್ರ ಹತ್ರ ಒಂದೇ ಫ್ರೀಕ್ವೆನ್ಸೀಲಿ ಕುಣಿಯಂಗೆ ಹೊಂದಿಸೋದ್ರಲ್ಲಿ.

ಅಪಾಯದ ಮಾತು ಮೊದ್ಲೇ ಆಗ್ಲಿ. ಇದಕ್ಕೆ ಬೇಕಾದ ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟು ಕೊಡುತ್ತೆ, ಅದೂ ಅರ್ಧ ಆಂಪಿಯರ್ ತನಕ. ತಗಲಿದ್ರೆ ಬರೀ ಶಾಕ್ ಹೊಡೆದು ಬಿಡಲ್ಲ, ಜೀವ ತೆಗೆಯುತ್ತೆ. ಮನೇಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಐತಲ್ಲ, ಅದು ಟ್ರಿಪ್ ಆಗುತ್ತೆ ಅಂತ ಧೈರ್ಯ ತಗೋಬೇಡ್ರಿ. ಈ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ, ಅಂದ್ರೆ ಹೈ ವೋಲ್ಟೇಜ್ ಹೊರಡೋ ಸುತ್ತಿನ ಒಂದು ತುದಿ ಅದ್ರ ಕೋರಿಗೇ ಸೇರಿರುತ್ತೆ, ಮೈಯಲ್ಲಿ ಹರಿದ ಕರೆಂಟು ತಿರುಗಿ ಆ ಸೆಕೆಂಡರಿಗೇ ಹೋಗುತ್ತೆ, ಮನೆ ಲೈನಿನ ಫೇಸು ನ್ಯೂಟ್ರಲ್ಲಲ್ಲಿ ವ್ಯತ್ಯಾಸವೇ ಕಾಣಲ್ಲ, ಹಂಗಾಗಿ ಆರ್‌ಸಿಸಿಬಿ ಸುಮ್ನೆ ಕೂತಿರುತ್ತೆ. ಹೈ ವೋಲ್ಟೇಜ್ ಕೆಲಸ ಮಾಡಿ ಅಭ್ಯಾಸ ಇಲ್ದೋರು, ಪಿಯುಸಿ ಡಿಪ್ಲೊಮಾ ಹುಡುಗ್ರು, ದಯವಿಟ್ಟು ಇದಕ್ಕೆ ಕೈ ಹಾಕ್ಬೇಡ್ರಿ. ಒಂದೇ ಟ್ರಾನ್ಸಿಸ್ಟರ್ ಹಾಕಿ 12 ವೋಲ್ಟಲ್ಲಿ ನಡೆಯೋ ಸ್ಲೇಯರ್ ಎಕ್ಸೈಟರ್ ಅಂತ ಪುಟ್ಟ ಸರ್ಕ್ಯೂಟ್ ಐತೆ, ಅದು ಮಾಡ್ರಿ, ಕೈಯಲ್ಲಿ ಹಿಡ್ಕೊಂಡ ಸಿಎಫ್‌ಎಲ್ ಬಲ್ಬು ಹತ್ಕೊಳ್ಳೋದು ಅದ್ರಲ್ಲೂ ಕಾಣುತ್ತೆ.

ಈಗ ಟೆಸ್ಲಾ ಕಾಯಿಲ್ಲಿನ ಸೆಕೆಂಡರಿ, ಅಂದ್ರೆ ತುದೀಲಿ ಕಿಡಿ ಹಾರಿಸೋ ಕಾಯಿಲ್. ಬೋರ್‌ವೆಲ್ ಮೋಟ್ರು ಸುಟ್ಟು ಸುಟ್ಟು ನಮ್ಮ ದಾವಣಗೆರೆ ದುರ್ಗದ ಕಡೆ ರಿವೈಂಡಿಂಗ್ ಅಂಗಡಿಗಳಿಗೇನೂ ಬರ ಇಲ್ಲ, ಅಲ್ಲೇ ಸಿಗುತ್ತೆ ಎನಾಮಲ್ ತಾಮ್ರದ ತಂತಿ, ತೂಕದ ಲೆಕ್ಕದಲ್ಲಿ. 30 ಗೇಜಿಂದು ತಗೊಳ್ರಿ. 90 ಮಿಲಿಮೀಟರಿನ ಪಿವಿಸಿ ಪೈಪಿಗೆ 1000 ಸುತ್ತು ಹಾಕೋಕೆ ಸುಮಾರು 283 ಮೀಟರ್ ತಂತಿ ಬೇಕು, ತೂಕ 200 ಗ್ರಾಂ ಹತ್ರ ಬರುತ್ತೆ, ಆದ್ರೂ ಕಾಲು ಕೇಜಿ ತಗೊಂಡ್ರೆ ನಿಶ್ಚಿಂತೆ. ಯಾಕಂದ್ರೆ ನಡುವೆ ತಂತಿ ಸಾಲದೆ ಗಂಟು ಹಾಕಿ ಬೆಸುಗೆ ಹಾಕಿದ್ರೆ ಆ ಜಾಗದಲ್ಲೇ ಮುಂದೆ ಕಿಡಿ ಹಾರೋದು.

ಪೈಪನ್ನ ಮೊದ್ಲು ಮರಳು ಕಾಗದದಲ್ಲಿ ಉಜ್ಜಿ, ಒರೆಸಿ, ಬಿಸಿಲಿಗೆ ಒಣಗಿಸ್ರಿ, ಒಳಗಡೆ ತೇವ ಇರಬಾರ್ದು. ಪೈಪಿನ ಮೇಲೆ ಪ್ರಿಂಟ್ ಮಾಡಿರೋ ಅಕ್ಷರ ಇರುತ್ತಲ್ಲ ಅದನ್ನೂ ಪೂರ್ತಿ ತೆಗೀರಿ. ಸುತ್ತುವಾಗ ಸುತ್ತಿಗೆ ಸುತ್ತು ತಾಗಿರ್ಬೇಕು, ಒಂದರ ಮೇಲೊಂದು ಹತ್ತಬಾರ್ದು, ಹೆಬ್ಬೆರಳ ಉಗುರಲ್ಲಿ ತಂತೀನ ಹಿಂದಿನ ಸುತ್ತಿನ ಕಡೆಗೆ ಒತ್ತಿ ಹಿಡಿದು ಇನ್ನೊಂದು ಕೈಲಿ ಪೈಪ್ ತಿರುಗಿಸ್ತಾ ಹೋದ್ರೆ ಸಾಲು ತಾನೇ ಕೂರುತ್ತೆ. ಬೆಳಕಿಗೆ ಹಿಡಿದು ನೋಡಿದ್ರೆ ಮೈಯೆಲ್ಲ ಒಂದೇ ಸಮ ಹೊಳೀಬೇಕು, ಎಲ್ಲಾದ್ರೂ ಗೀಟು ಕಂಡ್ರೆ ಅಲ್ಲಿ ಸುತ್ತು ಬಿಟ್ಟಿದೆ ಅಂತ. 1000 ಸುತ್ತಿಗೆ 35 ಸೆಂಟಿಮೀಟರ್ ಎತ್ತರ ಆಗುತ್ತೆ. ಆಮೇಲೆ ಅದೇ ರಿವೈಂಡಿಂಗ್ ಅಂಗಡೀಲಿ ಸಿಗೋ ವಾರ್ನಿಷ್ ತೆಳ್ಳಗೆ ಮೂರ್ನಾಲ್ಕು ಕೋಟ್ ಹೊಡೀರಿ, ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ಈ ಕೆಲಸಕ್ಕೆ ನಮ್ಮೂರಿನ ಮಾರ್ಚ್ ಏಪ್ರಿಲ್ ಬಿಸಿಲೇ ಸರಿ, ಮಳೆಗಾಲದಲ್ಲಿ ಹೊಡೆದ ವಾರ್ನಿಷ್ ಒಳಗೆ ತೇವ ಉಳ್ಕೊಳ್ಳುತ್ತೆ.

ಇಂಡಕ್ಟೆನ್ಸ್ ಲೆಕ್ಕಕ್ಕೆ ವೀಲರ್ ಸೂತ್ರ ಐತೆ. ಸುತ್ತಿನ ವರ್ಗವನ್ನ ತ್ರಿಜ್ಯದ ವರ್ಗದಿಂದ ಗುಣಿಸ್ರಿ, ಅದನ್ನ ಒಂಬತ್ತು ಪಟ್ಟು ತ್ರಿಜ್ಯ ಮತ್ತು ಹತ್ತು ಪಟ್ಟು ಎತ್ತರದ ಮೊತ್ತದಿಂದ ಭಾಗಿಸ್ರಿ, ಅಳತೆ ಇಂಚಲ್ಲಿರ್ಲಿ, ಉತ್ತರ ಮೈಕ್ರೋಹೆನ್ರೀಲಿ ಬರುತ್ತೆ. ನಮ್ಮ ಕಾಯಿಲ್ಲಿಗೆ ಅದು 20 ಮಿಲಿಹೆನ್ರಿ ಚಿಲ್ಲರೆ. ತಲೆ ಮೇಲೆ ಕೂರಿಸೋ ಟಾಪ್‌ಲೋಡಿಗೆ ಪಾತ್ರೆ ಅಂಗಡೀಲಿ ಸಿಗೋ 15 ಸೆಂಟಿಮೀಟರಿನ ಎರಡು ಗುಂಡನೆ ಸ್ಟೀಲ್ ಬಟ್ಟಲು ಬಾಯಿಗೆ ಬಾಯಿ ಕೂಡಿಸಿದ್ರೆ ಸಾಕು, ಸುಮಾರು 8 ಪಿಕೋಫ್ಯಾರಡ್ ಆಯ್ತು. ಕಾಯಿಲ್ಲಿನ ಸ್ವಂತ ಕೆಪಾಸಿಟೆನ್ಸ್ ಸೇರಿ 15ರ ಆಸುಪಾಸು, ಅಲ್ಲಿಗೆ ಇದು ಕುಣಿಯೋದು 290 ಕಿಲೋಹರ್ಟ್ಸ್ ಹತ್ರ. ಲೆಕ್ಕ ನಂಬಿ ಕೂರ್ಬೇಡ್ರಿ, ಸಿಗ್ನಲ್ ಜನರೇಟರ್ ಆಸಿಲೋಸ್ಕೋಪ್ ಇಟ್ಟು ಅಳೀರಿ. ಮನೇಲಿಲ್ದಿದ್ರೆ ಪರಿಚಯದೋರ ಲ್ಯಾಬಲ್ಲಿ ಕೇಳ್ರಿ, ದಾವಣಗೆರೇಲಿ ಇಂಜಿನಿಯರಿಂಗ್ ಕಾಲೇಜಿಗೇನು ಕಮ್ಮಿ.

ಪ್ರೈಮರಿಗೆ, ಅಂದ್ರೆ ಸೆಕೆಂಡರಿಗೆ ಶಕ್ತಿ ದಾಟಿಸೋ ಕಾಯಿಲ್ಲಿಗೆ, 160 ಮಿಲಿಮೀಟರ್ ಪೈಪು, ಅದ್ರ ಮೇಲೆ 2.5 ಸ್ಕ್ವೇರ್ ಎಂಎಂ ಮನೆ ವೈರಿಂಗ್ ವೈರು 28 ಸುತ್ತು, 20ನೇ ಸುತ್ತಿಂದಾಚೆಗೆ ಪ್ರತಿ ಸುತ್ತಿಗೂ ಒಂದು ಟ್ಯಾಪ್ (ವೈರು ಸೇರಿಸೋ ಕವಲು) ಹೊರಗೆ ತೆಗೀರಿ. 25 ಸುತ್ತಿಗೆ 97 ಮೈಕ್ರೋಹೆನ್ರಿ ಬರುತ್ತೆ. ಪ್ರೈಮರಿ ಜೊತೆ ಸೇರಿ ಕುಣಿಯೋ ಟ್ಯಾಂಕ್ ಕೆಪಾಸಿಟರಿಗೆ 33 ನ್ಯಾನೋಫ್ಯಾರಡ್ 2000 ವೋಲ್ಟಿನ ಪಾಲಿಪ್ರೊಪಿಲೀನ್ 10 ತಗೊಂಡು ಸೀರೀಸಲ್ಲಿ ಕಟ್ಟಿದ್ರೆ 3.3 ನ್ಯಾನೋಫ್ಯಾರಡ್, 281 ಕಿಲೋಹರ್ಟ್ಸಿಗೆ ಟ್ಯೂನ್ ಆಗುತ್ತೆ. ಸೆಕೆಂಡರಿಗಿಂತ ಒಂಚೂರು ಕೆಳಗೆ ಬೇಕಂತ್ಲೇ ಇಟ್ಟಿದ್ದು, ಕಿಡಿ ಬೆಳೆದಂಗೆ ಅದೇ ಒಂದು ಕೆಪಾಸಿಟರ್ ಆಗಿ ಸೆಕೆಂಡರೀನ ಕೆಳಕ್ಕೆಳೆಯುತ್ತೆ.

ಪ್ರೈಮರಿ ಮೇಲುಗಡೆ ಇನ್ನೊಂದು ಸಣ್ಣ ಕಾಯಿಲ್, ಟಿಕ್ಲರ್ ಅಂತಾರೆ, 15 ರಿಂದ 20 ಸುತ್ತು, ಮೇಲೆ ಕೆಳಗೆ ಜರುಗಿಸೋಕೆ ಬರಂಗಿರ್ಲಿ. ಪಂಚಮಿ ಜೋಕಾಲಿ ತೂಗೋರು ಜೋಕಾಲಿ ಹಿಂದಕ್ಕೆ ಬಂದು ತಿರುಗೋ ಹೊತ್ತಿಗೆ ಸರಿಯಾಗಿ ತಳ್ತಾರಲ್ಲ, ಆ ಹೊತ್ತನ್ನ ಟ್ಯೂಬಿನ ಗ್ರಿಡ್ಡಿಗೆ (ಕರೆಂಟನ್ನ ಹಿಡಿದು ಬಿಡೋ ಜಾಲರಿ) ತಿಳಿಸೋದೇ ಈ ಕಾಯಿಲ್ ಕೆಲಸ. ಇದ್ರ ಒಂದು ತುದಿ ಗ್ರಿಡ್ಡಿಗೆ, ಇನ್ನೊಂದು ತುದಿ 5 ಕಿಲೋಓಮಿನ 100 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ ಮತ್ತೆ ಅದಕ್ಕೆ ಪ್ಯಾರಲಲ್ ಒಂದೆರಡು ನ್ಯಾನೋಫ್ಯಾರಡ್ ಮೂಲಕ ಅರ್ತಿಗೆ. ಎಲ್ಲಾ ಸರಿಯಿದ್ದೂ ಆಸಿಲೇಟ್ ಆಗ್ಲಿಲ್ಲ ಅಂದ್ರೆ ಈ ಎರಡು ತುದಿ ಅದಲು ಬದಲು ಮಾಡ್ರಿ, ಬಹಳ ಸಲ ಕಾರಣ ಅಷ್ಟೇ.

ಟ್ಯೂಬಿಗೆ 833ಎ ಒಳ್ಳೇದು, 300 ವ್ಯಾಟ್ ಶಾಖ ತಡ್ಕೊಳ್ಳುತ್ತೆ. ರಷ್ಯಾದ ಜಿಯು-81ಎಂ ಕೂಡ ಜನ ಹಾಕ್ತಾರೆ. 833ಎ ಫಿಲಮೆಂಟಿಗೆ (ಒಳಗೆ ಕಾಯೋ ತಂತಿ, ಇದ್ರ ಕ್ಯಾಥೋಡೂ ಅದೇ) 10 ವೋಲ್ಟು 10 ಆಂಪಿಯರ್ ಬೇಕು, ಬರೀ ಫಿಲಮೆಂಟೇ 100 ವ್ಯಾಟ್, ಹೊತ್ತಿಸಿದ್ರೆ ಹಳೇ ಕಾಲದ ಬಲ್ಬಿನಂಗೆ ರೂಮೆಲ್ಲ ಬೆಳಗುತ್ತೆ. ಇದ್ರ ಟ್ರಾನ್ಸ್‌ಫಾರ್ಮರ್‌ನ ರಿವೈಂಡಿಂಗ್‌ನೋರಿಗೇ ಹೇಳಿ ಸೆಂಟರ್ ಟ್ಯಾಪ್ ಇಟ್ಟು ಸುತ್ತಿಸ್ಕೊಳ್ರಿ, ಆ ನಡುವಿನ ಟ್ಯಾಪು ಅರ್ತಿಗೆ ಹೋಗ್ಬೇಕು. 10 ವೋಲ್ಟು ಐತಾ ಅಂತ ಟ್ಯೂಬಿನ ಪಿನ್ನಲ್ಲೇ ಮೀಟರ್ ಹಿಡಿದು ನೋಡ್ರಿ, 10 ಆಂಪಿಯರ್ ಹರಿಯೋ ವೈರಲ್ಲಿ ವೋಲ್ಟೇಜು ದಾರೀಲೇ ಬಿದ್ದೋಗಿರುತ್ತೆ.

ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಗುಜರಿ ಅಂಗಡೀಲಿ ಸಿಗುತ್ತೆ. ಜೊತೇಲಿರೋ ಮ್ಯಾಗ್ನೆಟ್ರಾನ್ ಮಾತ್ರ ಒಡೀಬೇಡ್ರಿ, ಕೆಲವದ್ರ ಸೆರಾಮಿಕ್‌ನಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತೆ, ಅದ್ರ ಪುಡಿ ಶ್ವಾಸಕೋಶಕ್ಕೆ ವಿಷ. ಹೈ ವೋಲ್ಟೇಜು ಟೆಸ್ಲಾ ಕಾಯಿಲ್ಲಿನ ಪ್ರೈಮರಿ ಕೆಳ ತುದಿಗೆ, ಮೇಲಿನ ತುದಿಯಿಂದ ಟ್ಯೂಬಿನ ಪ್ಲೇಟಿಗೆ (ಪಾಸಿಟಿವ್ ಕಡೆ ತಗಡು). ಕೆಳ ತುದಿಯಿಂದ ಅರ್ತಿಗೆ 2 ನ್ಯಾನೋಫ್ಯಾರಡಿನ ಹೈ ವೋಲ್ಟೇಜ್ ಕೆಪಾಸಿಟರ್ ಒಂದು ಇರ್ಲೇಬೇಕು, ಇಲ್ದಿದ್ರೆ ಆರ್‌ಎಫ್, ಅಂದ್ರೆ ರೇಡಿಯೋ ಫ್ರೀಕ್ವೆನ್ಸಿ ಕರೆಂಟು, ಒಳಗೆ ನುಗ್ಗಿ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಶನ್ ತಿನ್ನುತ್ತೆ. ಎಸಿನ ಡಿಸಿ ಮಾಡೋ ರೆಕ್ಟಿಫೈಯರ್ ಬೇಡ, ಪ್ಲೇಟು ಪಾಸಿಟಿವ್ ಆದಾಗಷ್ಟೆ ಟ್ಯೂಬು ಕರೆಂಟ್ ಬಿಡುತ್ತೆ. ಡಯೋಡು ಕೆಪಾಸಿಟರ್ ಹಾಕಿ ವೋಲ್ಟೇಜ್ ಇಮ್ಮಡಿ ಮಾಡೋರು ಇದಾರೆ, ಮೊದಲ ಕಾಯಿಲ್ಲಿಗೆ ಅದು ಬೇಡವೇ ಬೇಡ ಅಂತ ಕೈ ಮುಗಿದು ಹೇಳ್ತೀನಿ.

ಅರ್ತಿಂಗ್ ಎರಡು ಬೇಕು. ಟ್ರಾನ್ಸ್‌ಫಾರ್ಮರ್ ಕೋರಿಗೆ ಮನೆಯ ಅರ್ತು, ಸೆಕೆಂಡರಿ ಬುಡಕ್ಕೆ ಬೇರೇನೇ ಹೂತ ರಾಡು. ಸೆಕೆಂಡರೀನ ಮನೆ ಅರ್ತಿಗೆ ಕೊಟ್ರೆ ಆರ್‌ಎಫ್ ಎಲ್ಲಾ ಸಾಕೆಟ್ಟಿಗೂ ಹರಿದು ಟಿವಿ ರೌಟರ್ ಸುಡ್ತವೆ. ದಾವಣಗೆರೆ ಸುತ್ತಲಿನ ಎರೆ ಭೂಮೀಲಿ ರಾಡು ಸಲೀಸಾಗಿ ಇಳಿಯುತ್ತೆ, ತೇವಾನೂ ಇರುತ್ತೆ. ದುರ್ಗದಲ್ಲಿ ನಾಲ್ಕಡಿಗೆ ಬಂಡೆ ತಗಲುತ್ತೆ, ಅಂಥಾ ಕಡೆ ಅಗಲವಾಗಿ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ ನೀರು ಹಾಕ್ತಾ ಇರ್ರಿ.

ಹೊತ್ತಿಸೋ ದಿನ ಒಬ್ರೇ ಇರ್ಬೇಡ್ರಿ. ಮೇನ್ ಸ್ವಿಚ್ ಹತ್ರ ಇನ್ನೊಬ್ರು ನಿಂತಿರ್ಲಿ, ಪೇಸ್‌ಮೇಕರ್ ಇರೋರು ಹತ್ರ ಸುಳೀಬಾರ್ದು, ಕಿಟಕಿ ತೆಗೆದಿರ್ಲಿ ಓಝೋನ್ ತುಂಬ್ಕೊಳ್ಳುತ್ತೆ. ಫಿಲಮೆಂಟ್ ಮೊದ್ಲು, ಒಂದು ನಿಮಿಷ ಬಿಟ್ಟು ವೇರಿಯಾಕಲ್ಲಿ (ವೋಲ್ಟೇಜ್ ಏರಿಸಿ ಇಳಿಸೋ ಟ್ರಾನ್ಸ್‌ಫಾರ್ಮರ್) ಹೈ ವೋಲ್ಟೇಜ್ ನಿಧಾನಕ್ಕೆ ಏರಿಸ್ರಿ. ಬಟ್ಟಲಿನ ಮೇಲೆ ಒಂದು ಗಟ್ಟಿ ತಂತಿ ನಿಲ್ಸಿದ್ರೆ ನೇರಳೆ ಕುಚ್ಚು ಅದ್ರ ತುದೀಲೇ ಮೂಡುತ್ತೆ. ಕಣ್ಣು ಮಾತ್ರ ಪ್ಲೇಟಿನ ಮೇಲಿರ್ಲಿ. ಪ್ಲೇಟು ಜೋರಾಗಿ ಕೆಂಪಗಾಗಿ ಕಿಡಿ ಸಣ್ಣಗಿದ್ರೆ ಟ್ಯೂನಿಂಗ್ ತಪ್ಪಿದೆ ಅಂತ ಅರ್ಥ, ಶಕ್ತಿ ಮೇಲೆ ಹೋಗೋ ಬದ್ಲು ಟ್ಯೂಬಲ್ಲೇ ಉರೀತಿದೆ, ತಕ್ಷಣ ಇಳಿಸ್ರಿ. ಪ್ಲಗ್ ಕಿತ್ತು, ಒಣ ಪಿವಿಸಿ ಕೋಲಿಗೆ ಅರ್ತ್ ವೈರು ಕಟ್ಟಿ ಕೆಪಾಸಿಟರಿಗೆಲ್ಲ ಮುಟ್ಟಿಸಿ, ಆಮೇಲೆ ಟ್ಯಾಪ್ ಒಂದು ಸುತ್ತು ಆಚೀಚೆ ಮಾಡ್ರಿ. ಟ್ಯಾಪ್ ಬದಲಿಸೋ ಪ್ರತಿ ಸಲಾನೂ ಇದೇ ಕ್ರಮ. ಸೆಕೆಂಡರಿಯಿಂದ ಪ್ರೈಮರಿಗೆ ಕಿಡಿ ಹಾರಿದ್ರೆ ಪ್ರೈಮರೀನ ಸ್ವಲ್ಪ ಕೆಳಗಿಳಿಸ್ರಿ. ಆರ್‌ಎಫ್ ಕಿಡಿ ಮುಟ್ಟಿದ್ರೆ ಶಾಕ್ ಅನ್ನಿಸಲ್ಲ ಅಂತ ಕೈ ಒಡ್ಡೋರು ಇದಾರೆ, ನೋವು ಗೊತ್ತಾಗೋದ್ರೊಳಗೆ ಚರ್ಮದ ಒಳಗೇ ಬೆಂದಿರುತ್ತೆ. ಈ ಕಾಯಿಲ್ಲಿನ ಎರಡನೇ ಹಾರ್ಮೋನಿಕ್ (ದುಪ್ಪಟ್ಟು ಫ್ರೀಕ್ವೆನ್ಸಿ) 570 ಕಿಲೋಹರ್ಟ್ಸ್ ಆಸುಪಾಸಲ್ಲಿ, ಅಂದ್ರೆ ನೇರ ಮೀಡಿಯಂ ವೇವ್ ಬ್ಯಾಂಡಲ್ಲಿ ಬೀಳುತ್ತೆ, ಪಕ್ಕದ ಮನೆ ಅಜ್ಜಾರು ರೇಡಿಯೋ ಹಚ್ಚಿರೋ ಹೊತ್ತಲ್ಲಿ ಓಡಿಸ್ಬೇಡ್ರಿ, ಓಡಿಸಿದ್ರೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ.

ಇಷ್ಟು ಸರಿಯಾಗಿ ನಡೆದ ಮೇಲೆ ಕ್ಯಾಥೋಡ್ ದಾರೀಲಿ ಎಸ್‌ಸಿಆರ್ (ಎಲೆಕ್ಟ್ರಾನಿಕ್ ಸ್ವಿಚ್ಚು) ಹಾಕಿ ಸ್ಟಕಾಟೊ ಸರ್ಕ್ಯೂಟ್ ಸೇರಿಸ್ಬಹುದು. ಅದು ಎಲ್ಲಾ ಸೈಕಲ್ಲಿಗೂ ಬಿಡದೆ ಆಗಾಗ ಒಂದೊಂದು ಸೈಕಲ್ಲಿಗೆ ಮಾತ್ರ ಟ್ಯೂಬ್ ಓಡಿಸುತ್ತೆ, ಪ್ಲೇಟು ತಣ್ಣಗಿರುತ್ತೆ, ಕಿಡಿ ಕತ್ತಿಯಂಗೆ ನೆಟ್ಟಗೆ ಉದ್ದಕ್ಕೆ ಏಳುತ್ತೆ.