ಬೆನ್ನುಹುರಿಗೆ ಪೆಟ್ಟಾದ ಮೇಲೆ ಯಾವ ಡಾಕ್ಟರ ಹತ್ತಿರ ಹೋಗಬೇಕು?

ಬೆನ್ನಿಗೆ ಆಪರೇಷನ್ ಮಾಡಿದ ಡಾಕ್ಟರೇ ಮುಂದೆಯೂ ಎಲ್ಲವನ್ನೂ ನೋಡಿಕೊಳ್ಳುತ್ತಾರೆ ಅಂತ ಶುರುವಿನಲ್ಲಿ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಾಗುವುದಿಲ್ಲ. ಮುರಿದ ಮೂಳೆ ಕೂಡಿಸುವುದು, ಹುರಿಯ ಮೇಲಿನ ಒತ್ತಡ ತೆಗೆಯುವುದು ಅವರ ಕೆಲಸ. ಆಮೇಲೆ ವರ್ಷಗಟ್ಟಲೆ ಕಾಡುವುದು ಮೂತ್ರ, ಮಲ, ಚರ್ಮದ ಹುಣ್ಣು, ಕಾಲಿನ ಸೆಳೆತ, ಉರಿ, ನೋವು. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರು ಬೇಕಾಗಬಹುದು. ಅದಕ್ಕೂ ಮೊದಲು ಇಡೀ ಲೆಕ್ಕ ಇಟ್ಟುಕೊಳ್ಳುವ ಒಬ್ಬರು ಬೇಕು.

ಅವರೇ ಫಿಸಿಯಾಟ್ರಿಸ್ಟ್. ಮನೋವೈದ್ಯರೂ ಅಲ್ಲ, ಫಿಸಿಯೋಥೆರಪಿಸ್ಟೂ ಅಲ್ಲ. ಪೆಟ್ಟಾದ ಮೇಲಿನ ಬದುಕನ್ನೇ ಓದಿಕೊಂಡು ಬಂದ ಪುನರ್ವಸತಿ ಡಾಕ್ಟರು. ಮೊದಲು ಇವರನ್ನು ಹುಡುಕಿ. ಊರಲ್ಲಿ ಸಿಗದಿದ್ದರೆ, ದೂರವಾದರೂ ವರ್ಷಕ್ಕೊಮ್ಮೆ ತೋರಿಸಿಕೊಂಡು ಬನ್ನಿ. ನಡುವೆ ಬರುವ ಜ್ವರ, ಕೆಮ್ಮಿಗೆ ಮನೆ ಹತ್ತಿರದ ಡಾಕ್ಟರು ಸಾಕು.

ಎರಡನೆಯವರು ಯೂರಾಲಜಿಸ್ಟ್, ಅಂದರೆ ಮೂತ್ರದ ತೊಂದರೆಗಳ ಡಾಕ್ಟರು. ಇಲ್ಲಿ ಮಾತ್ರ ಉದಾಸೀನ ಬೇಡ. ಮೂತ್ರಚೀಲದೊಳಗೆ ಒತ್ತಡ ಏರುತ್ತಾ ಹೋದರೆ ಹೊರಗೆ ಏನೂ ಗೊತ್ತಾಗದೆ ಕಿಡ್ನಿ ಹಾಳಾಗಬಹುದು. ಎಲ್ಲ ಯೂರಾಲಜಿಸ್ಟರಿಗೂ ನರದ ತೊಂದರೆಯ ಮೂತ್ರಚೀಲದ ಅನುಭವ ಇರುವುದಿಲ್ಲ, ಕಲ್ಲು, ಪ್ರಾಸ್ಟೇಟ್ ಇವನ್ನೇ ಜಾಸ್ತಿ ನೋಡುವವರಿರುತ್ತಾರೆ, ಹಾಗಾಗಿ ಮೂತ್ರಚೀಲದೊಳಗಿನ ಒತ್ತಡ ಅಳೆಯುವ ಯೂರೋಡೈನಮಿಕ್ಸ್ ಪರೀಕ್ಷೆ ಮಾಡುತ್ತೀರಾ, ಮಾಡದಿದ್ದರೆ ಎಲ್ಲಿಗೆ ಕಳಿಸುತ್ತೀರಿ ಅಂತ ನೇರವಾಗಿ ಕೇಳಿ. ಇನ್ನೊಂದು ಗುರುತು ಹೇಳುತ್ತೇನೆ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಜ್ವರವಿಲ್ಲ, ಸೆಳೆತ ಹೆಚ್ಚಿಲ್ಲ, ಬೇರೆ ತೊಂದರೆಯೂ ಇಲ್ಲ, ಆದರೂ ರಿಪೋರ್ಟ್ ನೋಡಿದ ಕೂಡಲೇ ಸುಮ್ನೆ ಆಂಟಿಬಯಾಟಿಕ್ ಬರೆದರೆ, ಯಾಕೆ ಅಂತ ಕೇಳಿ. ಗರ್ಭಿಣಿಯರಿಗೆ, ಆಪರೇಷನ್ ಮುಂದಿರುವವರಿಗೆ ಕಾರಣ ಇರಬಹುದು. ಅನುಭವಸ್ಥರು ಬೇಸರವಿಲ್ಲದೆ ವಿವರಿಸುತ್ತಾರೆ.

ನಿಮ್ಮ ಪೆಟ್ಟು ಟಿ6 (ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ) ಅಥವಾ ಅದಕ್ಕಿಂತ ಮೇಲಿದ್ದರೆ ಯಾವ ಡಾಕ್ಟರನ್ನು ನೋಡಿದರೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ನೋಡಿದ್ದೀರಾ? ಕ್ಯಾತಿಟರ್ ಮಡಚಿ ಮೂತ್ರ ಕಟ್ಟಿಕೊಂಡರೆ, ಮಲ ಗಟ್ಟಿಯಾಗಿ ನಿಂತರೆ, ಕಾಲ್ಬೆರಳ ಉಗುರು ಒಳಗೆ ಚುಚ್ಚಿದರೂ ಸಾಕು, ಬಿಪಿ ದಿಢೀರ್ ಏರುತ್ತದೆ, ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಪ್ರಾಣಕ್ಕೇ ಅಪಾಯ. ನಮ್ಮಂಥ ಎಷ್ಟೋ ಜನರ ಮಾಮೂಲಿ ಬಿಪಿಯ ಮೇಲಿನ ಅಂಕಿ 90ರಿಂದ 110ರ ಒಳಗೇ ಇರುತ್ತದೆ. ಹಾಗಾಗಿ 140 ಅಂದರೆ ಬೇರೆಯವರಿಗೆ ಸ್ವಲ್ಪ ಜಾಸ್ತಿ, ನಮಗೆ ತುರ್ತು. ಇದನ್ನು ಕೇಳಿ ಗೊತ್ತಿಲ್ಲದ ಡಾಕ್ಟರು ಸಿಕ್ಕರೆ ಕೋಪ ಬೇಡ. ಹೇಳಿದಾಗ ಕಿವಿಗೊಟ್ಟು ಕೇಳುತ್ತಾರಾ, ಓದಿ ತಿಳಿದುಕೊಳ್ಳುತ್ತಾರಾ, ಅದನ್ನು ನೋಡಿ. ತಳ್ಳಿಹಾಕಿದರೆ ಬೇರೆಯವರನ್ನು ಹುಡುಕಿ.

ಉಳಿದವು ಸಮಸ್ಯೆ ಬಂದ ಹಾಗೆ. ಸೆಳೆತಕ್ಕೆ ಬ್ಯಾಕ್ಲೋಫೆನ್ ಮಾತ್ರೆ ಸಾಲದಿದ್ದರೆ ಬೊಟಾಕ್ಸ್ ಇಂಜೆಕ್ಷನ್ ಅಥವಾ ಅದೇ ಔಷಧಿಯನ್ನು ನೇರವಾಗಿ ಬೆನ್ನುಹುರಿಯ ಸುತ್ತ ಬಿಡುವ ಪಂಪ್ ಬಗ್ಗೆ ಫಿಸಿಯಾಟ್ರಿಸ್ಟರನ್ನೇ ಕೇಳಿ. ಆಳವಾದ ಹುಣ್ಣಾದರೆ ಪ್ಲಾಸ್ಟಿಕ್ ಸರ್ಜನ್. ಆದರೆ ಪೆಟ್ಟಾಗಿ ವರ್ಷಗಳಾದ ಮೇಲೆ ಮರಗಟ್ಟುವಿಕೆ ಮೇಲಕ್ಕೆ ಏರುತ್ತಿದೆ, ಕೈ ಬಲ ಕಡಿಮೆಯಾಗುತ್ತಿದೆ ಅನಿಸಿದರೆ ಕಾಯಬೇಡಿ, ನ್ಯೂರೋಸರ್ಜನ್ ಹತ್ತಿರ ಹೋಗಿ. ಹುರಿಯೊಳಗೆ ನೀರು ತುಂಬಿದ ಗುಳ್ಳೆ ಬೆಳೆದಿರಬಹುದು, ಅದು ಎಂಆರ್‌ಐಯಲ್ಲಿ ಕಾಣುತ್ತದೆ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಫೋನಿನಲ್ಲಿ ಕೇಳಿ: ವೀಲ್‌ಚೇರ್ ಒಳಗೆ ಬರುತ್ತದಾ, ಪರೀಕ್ಷೆ ಮಾಡುವ ಮಂಚ ಕೆಳಗಿಳಿಯುತ್ತದಾ, ಎತ್ತಿ ಮಲಗಿಸಲು ಜನ ಇದ್ದಾರಾ? ಮಹಿಳೆಯರು ಸ್ತ್ರೀರೋಗ ತಜ್ಞರಲ್ಲಿ ಇದನ್ನು ಖಂಡಿತ ಕೇಳಿ. ಕೂತ ಕುರ್ಚಿಯಲ್ಲೇ ನೋಡಿ ಕಳಿಸಿದರೆ ಬೆನ್ನ ಕೆಳಗಿನ ಹುಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಒಂದು ಕಡೆ ಹಾಗೇ ಆಗಿತ್ತು, ಹುಣ್ಣು ಗೊತ್ತಾಗುವಷ್ಟರಲ್ಲಿ ಆಳಕ್ಕೆ ಇಳಿದಿತ್ತು.

ಈಗಾಗಲೇ ವೀಲ್‌ಚೇರ್ ಬಳಸುವ ನಾಲ್ಕು ಜನರನ್ನು ವಿಚಾರಿಸಿ. ಡಾಕ್ಟರು ಒಳ್ಳೆಯವರಾ ಅಂತಲ್ಲ, ನಿಮ್ಮ ಯಾವ ತೊಂದರೆಗೆ ಏನು ಮಾಡಿದರು ಅಂತ ಕೇಳಿ.

ಹೋಗುವಾಗ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ: ಪೆಟ್ಟಿನ ಮಟ್ಟ, ಪೆಟ್ಟು ಎಷ್ಟು ಪೂರ್ಣ ಅಂತ ತಿಳಿಸುವ, ಎ ಇಂದ ಇ ವರೆಗಿನ ಎಐಎಸ್ ಗ್ರೇಡ್, ಮಾಮೂಲಿ ಬಿಪಿ, ಮಾತ್ರೆಗಳು, ಅಲರ್ಜಿ, ಕ್ಯಾತಿಟರ್ ದಿನಕ್ಕೆ ಎಷ್ಟು ಸಲ. ಅದರ ಫೋಟೊ ನಿಮ್ಮ ಮೊಬೈಲಿನಲ್ಲೂ ಇರಲಿ, ಜೊತೆಗಿರುವವರ ಮೊಬೈಲಿನಲ್ಲೂ ಇರಲಿ.